ಕಾರ್ಡು ಟ್ರಂಕಿನಲ್ಲಿ, ಕೂಸು ಅಜ್ಜಿ ಸೊಂಟದಲ್ಲಿ

ಹೋದ ತಿಂಗಳು ಒಂದು ಮಂಗಳವಾರ ಬೆಳಗ್ಗೆ ಹತ್ತೂವರೆ ಸುಮಾರಿಗೆ ನಮ್ಮಕ್ಕನ ಅತ್ತೆ ಫೋನು ಮಾಡಿದರು. "ಬಿರ್‌ಬಿರ್ನೆ ಬಾರಪ್ಪ, ಮೊಗ ಏನೋ ಕುಡ್ದುಬುಡ್ತು." ಅಷ್ಟೇ. ಅಕ್ಕನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಜಗುಲಿಯ ಮೇಲೆ ಎರಡೂವರೆ ವರ್ಷದ ಹುಡುಗ ಕೆಮ್ಮುತ್ತಾ ಕೂತಿದ್ದ. ಬಾಯಿಂದ ಪೇಂಟಿನ ವಾಸನೆ. ಪಕ್ಕದಲ್ಲಿ ಒಂದು ಲೀಟರಿನ ನೀರಿನ ಬಾಟಲು ಉರುಳಿತ್ತು. ಅದರಲ್ಲಿದ್ದದ್ದು ತಿನ್ನರ್. ಬಾಗಿಲಿಗೆ ಬಣ್ಣ ಹೊಡೆಯಲೆಂದು ನಮ್ಮ ಭಾವನವರು ಹಿಂದಿನ ದಿನ ಸಂಜೆ ಹಾರ್ಡ್‌ವೇರ್ ಅಂಗಡಿಯಿಂದ ಬಿಡಿಯಾಗಿ ಅಳೆಸಿ ತಂದಿದ್ದರು. ನೋಡಲು ನೀರಿನಂತೆಯೇ ಇದೆ, ನೀರಿನ ಬಾಟಲಲ್ಲೇ ಇದೆ. ಹುಡುಗ ನೀರೆಂದೇ ಬಾಯಿಗಿಟ್ಟಿದ್ದಾನೆ. ಅವನ ತಪ್ಪೇನು ಹೇಳಿ?

ಇನ್ನು ನನ್ನ ತಪ್ಪಿನ ವಿಚಾರ. ಪಿಯುಸಿ ಅರ್ಧಕ್ಕೆ ಬಿಟ್ಟವನಾದರೂ ಹನ್ನೆರಡು ವರ್ಷದಿಂದ ಈ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೇನೆ. ವಿಷ ಕುಡಿದವರ ಸುದ್ದಿಯನ್ನೇ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಎಲ್ಲಾ ಬಲ್ಲವನಂತೆ ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು ಕದಡಿ, ಹುಡುಗನ ಮೂಗು ಹಿಡಿದು ಕುಡಿಸಿ, ಬೆನ್ನು ತಟ್ಟಿ ವಾಂತಿ ಮಾಡಿಸಿದೆ. ಸುತ್ತ ನಿಂತಿದ್ದ ಹೆಂಗಸರು "ಸದ್ಯ, ಎಲ್ಲಾ ಆಚೆಗೆ ಬಂತು" ಅಂದರು. ನನಗೂ ಹಾಗೇ ಅನ್ನಿಸಿತು. ಆಟೋದಲ್ಲಿ ಹೋಗುವಾಗ ಹುಡುಗನ ಉಸಿರು ಸಿಳ್ಳೆ ಹೊಡೆಯಲು ಶುರುವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ವಾಂತಿ ಮಾಡಿಸಿದ್ರಾ? ಯಾರ್ರೀ ಮಾಡಿಸಿದ್ದು?" ನಾನೇ ಎಂದೆ. ಆಕೆ ತಲೆ ಎತ್ತಿ ನನ್ನ ಮುಖ ನೋಡಿದರು. "ಅವನು ಕುಡಿದಿರೋದು ಒಂದು ಗುಟುಕು. ಹೊಟ್ಟೇಲಿ ಇದ್ದಿದ್ರೆ ಇಷ್ಟು ಆಗ್ತಿರಲಿಲ್ಲವೇನೋ. ನೀವು ಮೇಲಕ್ಕೆ ತರಿಸಿ ಶ್ವಾಸಕೋಶಕ್ಕೆ ಇಳಿಸಿದ್ದೀರಿ."

ತಿನ್ನರ್, ಟರ್ಪೆಂಟೈನ್, ಪೆಟ್ರೋಲು, ಸೀಮೆಎಣ್ಣೆ ಇವೆಲ್ಲ ಒಂದೇ ಜಾತಿಯವು. ಹೊಟ್ಟೆಗೆ ಮಾಡುವ ಕೇಡಿಗಿಂತ ಶ್ವಾಸಕೋಶಕ್ಕೆ ಮಾಡುವ ಕೇಡು ದೊಡ್ಡದು. ವಾಂತಿ ಬಂದಾಗ ಒಂದಿಷ್ಟು ಉಸಿರಿನ ದಾರಿಗೆ ಜಾರುತ್ತದೆ, ಅಲ್ಲಿಂದ ನ್ಯುಮೋನಿಯಾ. ಕಕ್ಕಸು ತೊಳೆಯುವ ಆಸಿಡ್ಡು ಕುಡಿದರೂ ವಾಂತಿ ಮಾಡಿಸಕೂಡದು. ಇಳಿಯುವಾಗ ಸುಟ್ಟ ಗಂಟಲನ್ನು ಏರುವಾಗ ಇನ್ನೊಂದು ಸಲ ಸುಡುತ್ತದೆ. ಉಪ್ಪುನೀರಂತೂ ಸಣ್ಣ ಮಕ್ಕಳಿಗೆ ತಾನೇ ಒಂದು ವಿಷ. ಇದೆಲ್ಲಾ ನನಗೆ ಆವತ್ತು ಮಧ್ಯಾಹ್ನ ಒಂದು ಗಂಟೆಗೆ ಗೊತ್ತಾಯಿತು. ಬೆಳಗ್ಗೆ ಹತ್ತೂವರೆಗೆ ಗೊತ್ತಿರಲಿಲ್ಲ.

ಹುಡುಗ ಬದುಕಿಕೊಂಡ. ಮೂರು ದಿನ ಆಮ್ಲಜನಕ, ಎಂಟು ದಿನ ಆಸ್ಪತ್ರೆ. ಅಕ್ಕನಿಗೆ ಎಂಟು ದಿನದ ಸಂಬಳ ಹೋಯಿತು. ಇರಲಿ.

ನಾನು ಹೇಳಹೊರಟಿದ್ದು ಎರಡನೇ ದಿನದ ಸಂಗತಿ. ನರ್ಸು ಬಂದು "ತಾಯಿ ಕಾರ್ಡ್ ತನ್ನಿ" ಅಂದರು. ಅಕ್ಕ ನನ್ನನ್ನೇ ಮನೆಗೆ ಕಳಿಸಿದಳು. ಕಾರ್ಡು ಎಲ್ಲಿತ್ತು ಅಂತೀರಿ? ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ, ಮನೆಪತ್ರದ ಜೊತೆ. ಅಷ್ಟು ಜೋಪಾನ! ಬಸ್ಸಿನಲ್ಲಿ ವಾಪಸ್ ಬರುವಾಗ ತೊಡೆಯ ಮೇಲಿಟ್ಟುಕೊಂಡು ಪೂರಾ ಓದಿದೆ. ಯಾವ ತಿಂಗಳಿಗೆ ಯಾವ ಲಸಿಕೆ, ಮಗು ಯಾವಾಗ ಕೂರಬೇಕು, ಯಾವಾಗ ಮಾತಾಡಬೇಕು, ಏನು ತಿನ್ನಿಸಬೇಕು, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು, ಎಲ್ಲಾ ಇದೆ. ಹಸಿರು, ಹಳದಿ, ಕಿತ್ತಳೆ ಪಟ್ಟೆಯ ತೂಕದ ನಕ್ಷೆ ಇದೆ. ಮಗುವಿನ ಚುಕ್ಕೆ ಹಸಿರಿನಿಂದ ಹಳದಿಗೆ ಇಳಿದರೆ ಅಕ್ಷರ ಬಾರದವರೂ ಕಂಡುಹಿಡಿಯಬಹುದು. ಚೆನ್ನಾಗಿ ಮಾಡಿದ್ದಾರೆ, ಸುಳ್ಳು ಹೇಳಬಾರದು. ಆದರೆ ಮಗು ಏನಾದರೂ ಕುಡಿದರೆ ಏನು ಮಾಡಬೇಕು ಅನ್ನೋದನ್ನ ನಮ್ಮ ಮನೆಯ ಆ ಕಾರ್ಡಿನಲ್ಲಿ ಎರಡು ಸಲ ಹುಡುಕಿದೆ. ಕಾಣಲಿಲ್ಲ.

ಅದೂ ಇರಲಿ. ಇರುವುದನ್ನಾದರೂ ಯಾರು ಓದಿದ್ದಾರೆ? ಅಕ್ಕ ಹೆರಿಗೆಯ ಹೊತ್ತಿನಲ್ಲಿ ಓದಿದ್ದಾಳೆ. ಭಾವ ಒಂದು ಸಲವೂ ತೆರೆದಿಲ್ಲ. ಅತ್ತೆಗೆ ಓದಲು ಬಾರದು. ಅಕ್ಷರದಲ್ಲೇ ಅನ್ನ ತಿನ್ನುವ ನಾನು ಮುಟ್ಟಿಯೂ ನೋಡಿರಲಿಲ್ಲ. ಅಕ್ಕ ಬೆಳಗ್ಗೆ ಏಳೂಕಾಲು ಬಸ್ಸಿಗೆ ಗಾರ್ಮೆಂಟ್ಸಿಗೆ ಹೋದರೆ ಮನೆ ಸೇರುವುದು ರಾತ್ರಿ ಏಳಕ್ಕೆ. ಆ ಹನ್ನೆರಡು ಗಂಟೆ ಕೂಸು ಇರೋದು ಅಜ್ಜಿಯ ಸೊಂಟದಲ್ಲಿ. ಕಾರ್ಡು ಕೊಟ್ಟದ್ದು ತಾಯಿಗೆ, ತಿಳಿವಳಿಕೆ ಹೇಳಿದ್ದು ತಾಯಿಗೆ, ಸಭೆಗೆ ಕರೆಯೋದು ತಾಯಿಯನ್ನ. ಹಗಲು ಕೂಸನ್ನು ಹಿಡಿದುಕೊಂಡಿರುವವರನ್ನು ಯಾರೂ ಕರೆದಿಲ್ಲ.

ನಮ್ಮ ಜಿಲ್ಲೆಯವರು ಈ ಮಾತನ್ನು ಕೇಳಿಸಿಕೊಳ್ಳಲೇಬೇಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ತಿ. ನರಸೀಪುರಕ್ಕೆ, 100 ಕೇಂದ್ರಗಳ ಲೆಕ್ಕದಲ್ಲಿ. ಐವತ್ತು ವರ್ಷ ದಾಟಿತು. ಆಗ ತಾಯಿ ಗದ್ದೆಗೆ ಹೋದರೂ ಕೂಗಿದರೆ ಕೇಳುವಷ್ಟು ದೂರದಲ್ಲಿ ಇರುತ್ತಿದ್ದಳು. ಈಗ ನರಸೀಪುರದಿಂದ, ಬನ್ನೂರಿನಿಂದ, ನಂಜನಗೂಡಿನಿಂದ ಬೆಳಗಿನ ಬಸ್ಸು ಹತ್ತಿ ನೋಡಿ. 2023ರ ಜೂನ್ 11ಕ್ಕೆ ಹೆಂಗಸರಿಗೆ ಟಿಕೆಟ್ಟಿಲ್ಲ ಅಂದ ಮೇಲೆ ದೂರದ ಕೆಲಸಕ್ಕೂ ಹೋಗಿಬರಬಹುದು ಅನ್ನುವಂತಾಯಿತು. ಒಳ್ಳೆಯದೇ ಆಯಿತು, ನಾನೇನೂ ಗೊಣಗುತ್ತಿಲ್ಲ. ಗಂಡಸರು ಸೀಟು ಸಿಗಲ್ಲ ಅಂತ ಗೊಣಗಲಿ. ಮೊನ್ನೆ ಅದೇ ಬಸ್ಸಿನಲ್ಲಿ ನನ್ನ ಅಕ್ಕಪಕ್ಕ, ಹಿಂದೆ ಮುಂದೆ ಕೂತಿದ್ದ ಆರು ಜನ ತಾಯಂದಿರನ್ನು ಕೇಳಿದೆ, ಮಗು ಯಾರ ಹತ್ತಿರ ಬಿಟ್ಟಿದ್ದೀರಿ ಅಂತ. ನಾಲ್ವರು ಅತ್ತೆ ಹತ್ತಿರ ಅಥವಾ ತವರಿನ ತಾಯಿ ಹತ್ತಿರ ಅಂದರು. ಒಬ್ಬಾಕೆ ಪಕ್ಕದ ಮನೆಯವರ ಹತ್ತಿರ. ಇನ್ನೊಬ್ಬಾಕೆ "ಅವರಪ್ಪ ಅಂಗಡೀಲಿ ಕೂರಿಸ್ಕೋತಾರೆ" ಅಂದಳು.

ಅಂಗನವಾಡಿ ಶಾಲೆಗೆ ಮೂರು ತುಂಬಬೇಕು. ಅದಕ್ಕೂ ಚಿಕ್ಕ ಕೂಸುಗಳಿಗೆ ಹಳ್ಳಿಗಳಲ್ಲಿ 'ಕೂಸಿನ ಮನೆ' ಮಾಡುತ್ತೇವೆಂದು 2023ರಲ್ಲಿ ಸರ್ಕಾರ ಹೇಳಿತು, 4,000 ಗ್ರಾಮ ಪಂಚಾಯ್ತಿಗಳಲ್ಲಿ, ಕೂಲಿಗೆ ಹೋಗುವ ತಾಯಂದಿರಿಗಾಗಿ. 50 ಜನಕ್ಕಿಂತ ಕಡಿಮೆಯಿಲ್ಲದ ಕೆಲಸಗಾರರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೋಣೆ ಇರಲೇಬೇಕು ಅಂತ 2017ರಲ್ಲೇ ಕಾನೂನು ಆಯಿತು. ಆದರೆ ಎಂಟು ತಿಂಗಳ ಕೂಸನ್ನು ಆ ಬಸ್ಸಿನ ನೂಕುನುಗ್ಗಲಲ್ಲಿ ಎತ್ತಿಕೊಂಡು ಮೂವತ್ತು ಕಿಲೋಮೀಟರು ಹೋಗಿ ಅಲ್ಲಿ ಬಿಡುವ ತಾಯಿ ಎಲ್ಲಿದ್ದಾಳೆ? ಅಜ್ಜಿಯೇ ಗತಿ. ಅಜ್ಜಿಯೇ ಗತಿ ಅಂದ ಮೇಲೆ ಅಜ್ಜಿಗೇ ಹೇಳಬೇಕು.

ಅಜ್ಜಿಗೆ ಏನೂ ಗೊತ್ತಿಲ್ಲ ಅಂತ ನಾನು ಅನ್ನುತ್ತಿಲ್ಲ. ಐದು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಕೈ ಅದು. ಆದರೆ ಅವರು ಮಕ್ಕಳನ್ನು ಸಾಕಿದ ಮನೆಯಲ್ಲಿ ತಿನ್ನರ್ ಇರಲಿಲ್ಲ, ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ ಬರುವ ಇಲಿ ಪಾಷಾಣ ಇರಲಿಲ್ಲ, ನೆಲದ ಮಟ್ಟಕ್ಕೆ ಬಾಯಿ ತೆರೆದ ನೀರಿನ ಸಂಪು ಇರಲಿಲ್ಲ. ಆ ಇಲಿ ಪೇಸ್ಟಿನ ವಿಚಾರ ಒಂದು ಮಾತು. ಮಗು ನೆಕ್ಕಿದ ದಿನ ಆಡಿಕೊಂಡೇ ಇರಬಹುದು. ಈರಲು ಕೆಡುವುದು ಒಂದೆರಡು ದಿನದ ಮೇಲೆ. "ಚೆನ್ನಾಗೇ ಅದೆ" ಅಂತ ಮನೆಯಲ್ಲಿ ಇಟ್ಟುಕೊಳ್ಳಬಾರದು. ಟ್ಯೂಬನ್ನೂ ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಫೋನು ಮಾಡುವುದು ಎಲ್ಲರಿಗೂ ಗೊತ್ತು. ವಿಷದ ವಿಚಾರಕ್ಕೇ ದೆಹಲಿಯ ಏಮ್ಸ್‌ನಲ್ಲಿ ಹಗಲು ರಾತ್ರಿ ಕೆಲಸ ಮಾಡುವ ಒಂದು ಕೇಂದ್ರವಿದೆ, ನಂಬರು 1800 116 117, ದುಡ್ಡು ಹಿಡಿಯಲ್ಲ. ಮಾಡಬೇಕೋ ಮಾಡಬಾರದೋ ಅಂತ ಕೇಳಲಿಕ್ಕೆ ಆವತ್ತು ನನಗೆ ಆ ನಂಬರು ಗೊತ್ತಿದ್ದಿದ್ದರೆ ಉಪ್ಪಿನ ಡಬ್ಬಕ್ಕೆ ಕೈ ಹಾಕುತ್ತಿರಲಿಲ್ಲ.

ಈಗ ಅಂಗಡಿಯವರ ಕಡೆ ತಿರುಗುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ ಸ್ವಾಮಿ. ಈ ಪತ್ರಿಕೆ ಸಂಜೆ ಹೊತ್ತು ಮೊದಲು ಬಿಚ್ಚಿಕೊಳ್ಳುವುದು ನಿಮ್ಮ ಗಲ್ಲಾಪೆಟ್ಟಿಗೆಯ ಮೇಲೆಯೇ.

ನಮ್ಮ ಭಾವ ತಿನ್ನರ್ ತಂದ ಅಂಗಡಿಗೆ ಹೋಗಿದ್ದೆ. ಜಗಳಕ್ಕಲ್ಲ. ಅಲ್ಲಿ ನಾನು ನಿಂತಿದ್ದ ಅರ್ಧ ಗಂಟೆಯಲ್ಲೇ ಮೂವರು ಖಾಲಿ ಬಾಟಲು ಹಿಡಿದು ಬಂದರು, ಎರಡು ನೀರಿನದು, ಒಂದು ಕಿತ್ತಳೆ ಬಣ್ಣದ ಕೂಲ್‌ಡ್ರಿಂಕ್ಸಿನದು. ಯಜಮಾನರು ಒಳ್ಳೆಯ ಮನುಷ್ಯ. ಹುಡುಗನ ಸಮಾಚಾರ ಕೇಳಿ ಮರುಗಿದರು. "ಏನ್ ಮಾಡೋದು ಹೇಳಿ, ಗಿರಾಕಿ ತಂದ ಬಾಟ್ಲಿಗೆ ಹಾಕ್ಕೊಡ್ತೀವಿ. ಡಬ್ಬ ತಗೊಳ್ಳಿ ಅಂದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ. ನಾವು ವ್ಯಾಪಾರ ಮಾಡೋದಾ, ಬೋಧನೆ ಮಾಡೋದಾ?" ಅಂದರು.

ನ್ಯಾಯವಾದ ಪ್ರಶ್ನೆ. ಅವರೊಬ್ಬರೇ ನಿಲ್ಲಿಸಿದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ, ನಿಜ. ಆದರೆ ಒಂದು ಬೀದಿಯ ವರ್ತಕರು ಗಣಪತಿ ಚಂದಾ ಎಷ್ಟು ಅಂತ ಒಂದೇ ಸಂಜೆಯಲ್ಲಿ ಕೂತು ತೀರ್ಮಾನಿಸುತ್ತಾರೆ. ಕುಡಿಯುವ ಬಾಟಲಿಗೆ ತಿನ್ನರ್, ಆಸಿಡ್, ಫಿನಾಯಿಲ್ ಹಾಕಿಕೊಡುವುದಿಲ್ಲ ಅಂತ ಅದೇ ಸಂಜೆ ಇನ್ನೊಂದು ಮಾತು ಸೇರಿಸಿದರೆ ಯಾರ ವ್ಯಾಪಾರ ಹೋಗುತ್ತದೆ? ಆಸಿಡ್ಡಿನ ವಿಚಾರದಲ್ಲಂತೂ ಇದು ಇಷ್ಟಾನಿಷ್ಟದ ಮಾತಲ್ಲ. 2013ರ ಜುಲೈ 18ರಂದು ಸುಪ್ರೀಂ ಕೋರ್ಟು ಹೇಳಿದೆ, ಕೊಳ್ಳುವವನ ಗುರುತಿನ ಚೀಟಿ ನೋಡಬೇಕು, ಯಾತಕ್ಕೆ ಅಂತ ಕೇಳಬೇಕು, ಪುಸ್ತಕದಲ್ಲಿ ಬರೆದಿಡಬೇಕು, 18 ತುಂಬದವರಿಗೆ ಕೊಡಕೂಡದು. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಆ ಆದೇಶ ಬಂದದ್ದು ಹೆಣ್ಣುಮಕ್ಕಳ ಮುಖಕ್ಕೆ ಎರಚುವ ಪಾಪಿಗಳ ದೆಸೆಯಿಂದ. ಆದರೆ ಆ ಪುಸ್ತಕ ನಿಜವಾಗಿ ಇಟ್ಟರೆ ಮನೆಯ ಮೂಲೆಯ ಕೂಸಿಗೂ ಅದೇ ಕಾವಲು. ನಮ್ಮೂರಿನ ಎಷ್ಟು ಅಂಗಡಿಯಲ್ಲಿ ಆ ಪುಸ್ತಕ ಇದೆ ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಿಮಗೇ ಗೊತ್ತು.

ಮೆಡಿಕಲ್ ಸ್ಟೋರಿನವರಿಗೂ ಒಂದು ಮಾತಿದೆ. ಬೇಧಿ ಆದ ಮಗುವಿಗೆ ಅಂತ ಕೇಳಿದರೆ ಕೈಗೆ ಏನು ಕೊಡುತ್ತೀರಿ? ನಾಲ್ಕೈದು ರುಪಾಯಿ ಲಾಭದ ಪುಡಿ ಪೊಟ್ಟಣವೋ, ಚೆಂದದ ಚಿತ್ರದ ರಟ್ಟಿನ ಡಬ್ಬದ ಜ್ಯೂಸೋ? ವರ್ಷಗಟ್ಟಲೆ ಆ ಸಿಹಿ ಜ್ಯೂಸುಗಳ ಮೇಲೆ ಓಆರ್‌ಎಸ್ ಅನ್ನುವ ಮೂರಕ್ಷರ ಇರುತ್ತಿತ್ತು. ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಅಲ್ಲ ಅಂತ ಎಲ್ಲೋ ಒಂದು ಸಾಲು ಅಚ್ಚು ಹಾಕಿದರೆ ಸಾಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲೂ 2024ರಲ್ಲೂ ಬಿಟ್ಟುಕೊಟ್ಟಿತ್ತು. ಬೇಧಿಯಾದ ಕೂಸಿನ ಅಜ್ಜಿ ಆ ಸಾಲು ಓದುತ್ತಾಳೆಯೇ? ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಹಲವು ವರ್ಷ ಇದರ ವಿರುದ್ಧ ಹೋರಾಡಿದರು. ಕಡೆಗೆ 2025ರ ಅಕ್ಟೋಬರ್ 14ರಂದು ಪ್ರಾಧಿಕಾರ ಆ ಅನುಮತಿ ವಾಪಸು ತೆಗೆದುಕೊಂಡಿತು. ಹೆಸರು ಹೋಯಿತು, ಅಭ್ಯಾಸ ಹೋಗಲಿಲ್ಲ. "ಆ ಓಆರ್‌ಎಸ್ ಜ್ಯೂಸ್ ಕೊಡಿ" ಅಂತ ಇವತ್ತಿಗೂ ಬಂದು ಕೇಳುತ್ತಾರೆ. ನಿಜವಾದ ಓಆರ್‌ಎಸ್ ಲೀಟರಿನಲ್ಲಿ ಗ್ಲೂಕೋಸು ಇರುವುದು 13.5 ಗ್ರಾಂ, ಉಪ್ಪು 2.6 ಗ್ರಾಂ. ಆ ಅಳತೆಯಲ್ಲಿ ಇದ್ದರೆ ಕರುಳು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸಕ್ಕರೆ ಹಲವು ಪಟ್ಟು ಹೆಚ್ಚಾದರೆ ನೀರು ಹೊರಕ್ಕೆ ಬಂದು ಬೇಧಿ ಇನ್ನೂ ಜೋರಾಗುತ್ತದೆ.

ಪುಡಿ ಪೊಟ್ಟಣವನ್ನಾದರೂ ಸರಿಯಾಗಿ ಕಲಸುತ್ತೇವಾ? ಅಕ್ಕನ ಅತ್ತೆಯನ್ನೇ ಕೇಳಿದೆ. "ಒಂದು ಲೋಟಕ್ಕೆ ಒಂಚೂರು ಹಾಕ್ತೀನಿ, ಮಿಕ್ಕಿದ್ದು ಮಡಿಸಿ ಇಡ್ತೀನಿ" ಅಂದರು. ನಮ್ಮೂರಿನ ಅರ್ಧ ಮನೆಯಲ್ಲಿ ಹೀಗೇ ಅಂತ ನನ್ನ ಊಹೆ. ದೊಡ್ಡ ಪೊಟ್ಟಣ ಪೂರಾ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಒಂದೇ ಸಲ ಸುರಿಯಬೇಕು. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಸಲ ಬೇಧಿಯಾದಾಗ ಕಾಲು ಲೋಟದಿಂದ ಅರ್ಧ ಲೋಟ, ಚಮಚದಲ್ಲಿ, ನಿಧಾನಕ್ಕೆ. ಜೊತೆಗೆ ಸತುವಿನ ಮಾತ್ರೆ, ಅಂದರೆ ಜಿಂಕ್, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಬೇಧಿ ಮೂರನೇ ದಿನಕ್ಕೆ ನಿಂತರೂ ಹದಿನಾಲ್ಕು ದಿನ ಪೂರಾ ಕೊಡಬೇಕು. ಎರಡೂ ಆಶಾ ಕಾರ್ಯಕರ್ತೆಯ ಚೀಲದಲ್ಲಿರುತ್ತವೆ, ಪುಕ್ಕಟೆ. ಎದೆಹಾಲು ನಿಲ್ಲಿಸಬಾರದು. ಕೂಸು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಪೊಟ್ಟಣ ಕಲಸುತ್ತಾ ಕೂರಬಾರದು, ಆಸ್ಪತ್ರೆಗೆ ಹೊರಡಬೇಕು.

ಕೆಮ್ಮಿನ ಔಷಧಿಯ ಕಥೆ ಎಲ್ಲರೂ ಓದಿದ್ದೀರಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೈಗಾರಿಕೆಗೆ ಬಳಸುವ ವಿಷದ್ರವ ಬೆರೆತ ಸಿರಪ್ಪು ಕುಡಿದು ಮೂತ್ರಪಿಂಡ ಕೆಟ್ಟು 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಅದೇ ಅಕ್ಟೋಬರ್ 3ಕ್ಕೆ ಕೇಂದ್ರ ಸರ್ಕಾರ ಎಲ್ಲಾ ರಾಜ್ಯಗಳಿಗೂ ಬರೆಯಿತು, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ಪು ಕೂಡದು, ಐದರೊಳಗೂ ಸಾಮಾನ್ಯವಾಗಿ ಬೇಡ. ಚೀಟಿಯಿಲ್ಲದೆ "ಮಗೂಗೆ ಕೆಮ್ಮು" ಅಂದವರಿಗೆ ಸೀಸೆ ತೆಗೆದು ಕೊಡುವ ಮೊದಲು ಮಗುವಿಗೆ ವಯಸ್ಸೆಷ್ಟು ಅಂತ ಒಂದು ಮಾತು ಕೇಳಿ. ಅಷ್ಟೂ ಸಾಧ್ಯವಿಲ್ಲವೆ?

ಸುಟ್ಟ ಗಾಯದ ಬಗ್ಗೆ ಆಸ್ಪತ್ರೆಯ ಆ ಎಂಟು ದಿನದಲ್ಲೇ ಕಲಿತೆ. ಪಕ್ಕದ ಮಂಚದಲ್ಲಿ ಬಿಸಿ ಸಾರು ಎಳೆದುಕೊಂಡ ಒಂದು ಹೆಣ್ಣುಕೂಸು ಇತ್ತು. ಗಾಯಕ್ಕೆ ಮನೆಯವರು ಟೂತ್‌ಪೇಸ್ಟು ಮೆತ್ತಿ ತಂದಿದ್ದರು. ಅದನ್ನು ತೊಳೆದು ತೆಗೆಯುವಾಗ ಆ ಕೂಸು ಕೂಗಿದ್ದು ಈಗಲೂ ಕಿವಿಯಲ್ಲಿದೆ. ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು, ಒಗೆದ ಬಟ್ಟೆ ಸಡಿಲವಾಗಿ ಮುಚ್ಚಿ ಕರೆತನ್ನಿ ಅಂತ ಡಾಕ್ಟರಮ್ಮ ಹೇಳುತ್ತಿದ್ದರು. ಐಸು ಬೇಡ, ತುಪ್ಪ ಬೇಡ, ಶಾಯಿ ಬೇಡ.

2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಕೂಸನ್ನು ಸುಮಾರು 20 ಗಂಟೆ ಹೆಣಗಾಡಿ ಜೀವಂತ ಮೇಲೆತ್ತಿದರು. ಇಡೀ ನಾಡು ಟಿವಿ ಮುಂದೆ ಕೂತಿತ್ತು. ನಾನೂ ಕೂತಿದ್ದೆ. ಮನೆಯ ಸಂಪಿಗೆ ಬಿದ್ದ ಕೂಸಿನ ಹತ್ತಿರ ಯಾವ ಟಿವಿಯೂ ಬರುವುದಿಲ್ಲ, ಬರುವಷ್ಟು ಹೊತ್ತೂ ಇರುವುದಿಲ್ಲ. ಬಚ್ಚಲಿನ ಅರ್ಧ ಬಕೆಟ್ಟು ನೀರಿಗೆ ತಲೆಕೆಳಗಾದರೂ ಸಾಕು, ಎದ್ದೇಳುವ ಶಕ್ತಿ ಆ ವಯಸ್ಸಿಗಿಲ್ಲ. ಸಂಪಿನ ಮುಚ್ಚಳಕ್ಕೆ ಒಂದು ಬೀಗ, ಬಚ್ಚಲಿಗೆ ಕೈಗೆಟುಕದ ಒಂದು ಚಿಲಕ, ಎಷ್ಟಾದೀತು? ಬೈಕಿನಲ್ಲಿ ಕೂಸನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹಾರುವ ಅಪ್ಪಂದಿರಿಗೆ ಬೇರೆಯೇ ಒಂದು ದಿನ ಬರೆಯುತ್ತೇನೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಬೆಲ್ಟು, ಹೆಲ್ಮೆಟ್ಟು, 40 ಕಿಲೋಮೀಟರಿನ ವೇಗದ ಮಿತಿ ಅಂತ 2023ರ ಫೆಬ್ರವರಿಯಿಂದ ನಿಯಮವಿದೆ ಅನ್ನುವುದಷ್ಟು ಸದ್ಯಕ್ಕೆ ಸಾಕು.

ನಮ್ಮ ಬೀದಿಯ ಅಂಗನವಾಡಿ ಟೀಚರಮ್ಮನ ಹತ್ತಿರ ಹೋಗಿ ಇದನ್ನೆಲ್ಲಾ ಹೇಳಿಕೊಂಡೆ. "ನಾವು ಪ್ರತಿ ತಿಂಗಳೂ ಸಭೆ ಮಾಡ್ತೀವಿ ಸಾರ್, ತಾಯಂದಿರು ಬರಲ್ಲ" ಅಂದರು. ಎಷ್ಟು ಹೊತ್ತಿಗೆ ಮಾಡ್ತೀರಿ? ಬೆಳಗ್ಗೆ ಹನ್ನೊಂದಕ್ಕೆ. ಹನ್ನೊಂದಕ್ಕೆ ತಾಯಂದಿರು ಮೈಸೂರಿನಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಇರುತ್ತಾರೆ, ಅಜ್ಜಿಯರನ್ನು ಕರೀರಿ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಕಾಗದದಲ್ಲಿ ತಾಯಂದಿರ ಸಭೆ ಅಂತ ಇದೆ ಸಾರ್, ಅಜ್ಜೀರ ಸಹಿ ತಗೊಂಡ್ರೆ ಮೇಲಿನವರು ಏನಂತಾರೋ." ಅವರನ್ನೇನು ಬೈಯಲಿ? ಅವರ ಮೇಲಿನ ಕೆಲಸ ಕಂಡವರಿಗೆ ಬೈಯಲು ಬಾಯಿ ಬರುವುದಿಲ್ಲ. ಆ ಕಾಗದದ ತಲೆಬರಹ ಬದಲಾಯಿಸುವುದು ಜಿಲ್ಲೆಯ ಅಧಿಕಾರಿಗಳ ಕೈಯಲ್ಲಿದೆ. ದುಡ್ಡೂ ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ. ಮಗು ನೋಡಿಕೊಳ್ಳುವವರ ಸಭೆ ಅಂತ ಬರೆದು, ತಾಯಿಯೋ ಅಜ್ಜಿಯೋ ಪಕ್ಕದ ಮನೆಯವರೋ, ಬಂದವರ ಸಹಿಯೋ ಹೆಬ್ಬೆಟ್ಟೋ ತೆಗೆದುಕೊಳ್ಳಿ ಅಂತ ಒಂದು ಸುತ್ತೋಲೆ ಸಾಕು. ಪುರಸಭೆಯವರು ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಕಂದಾಯ ಕಟ್ಟಿರೆಂದು ದಿನಕ್ಕೆ ನಾಲ್ಕು ಸಲ ಕೂಗಿಸುತ್ತಾರೆ. ಅದರ ನಡುವೆ ಒಂದು ಸಲ, ಕೂಸು ಏನಾದರೂ ಕುಡಿದರೆ ವಾಂತಿ ಮಾಡಿಸಬೇಡಿ, ಬಾಟಲು ಸಮೇತ ಆಸ್ಪತ್ರೆಗೆ ಬನ್ನಿ ಅಂತ ಕೂಗಿಸಲಿ. ಅರ್ಧ ನಿಮಿಷದ ಮಾತು.

ಟೀಚರಮ್ಮ ಕಡೆಗೆ ಧೈರ್ಯ ಮಾಡಿದ್ದಾರೆ. ಬರುವ ಗುರುವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಬೀದಿಯ ಅಜ್ಜಿಯರ ಸಭೆ. ಅಕ್ಕನ ಅತ್ತೆ ಬರುತ್ತೇನೆ ಅಂದಿದ್ದಾರೆ, ಜೊತೆಗೆ ಇನ್ನಿಬ್ಬರನ್ನು ಕರೆತರುತ್ತಾರಂತೆ. ಕಾರ್ಡನ್ನು ಟ್ರಂಕಿನಿಂದ ತೆಗೆಸಿ ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದೇನೆ. ಹುಡುಗನ ಹದಿನಾರನೇ ತಿಂಗಳ ಮೇಲಿನ ಲಸಿಕೆಯ ಜಾಗ ಖಾಲಿ ಇದ್ದದ್ದು ಆಗಲೇ ಕಣ್ಣಿಗೆ ಬಿತ್ತು.